ಇಪ್ಪತ್ನಾಲ್ಕು ಗಂಟೆಯ ಸಾಲು

ಮೊದಲ ಸಲ ಅದನ್ನು ಅಳಿಸಿದ್ದು ಒಂದು ಮಂಗಳವಾರ ಮಧ್ಯಾಹ್ನ. ಒಂದರಿಂದ ನಾಲ್ಕರವರೆಗೆ ಪುಣೆಯ ಅಂಗಡಿಕಾರರು ಉಂಡು ಮಲಗುವ ಹೊತ್ತು. ಬಿಬವೇವಾಡಿಯ ನಮ್ಮ ಔಷಧದಂಗಡಿಯ ಶಟರೂ ಆಗ ಅರ್ಧ ಇಳಿದಿರುತ್ತದೆ. ನನಗೆ ಹಗಲು ನಿದ್ದೆ ಬರುವುದಿಲ್ಲ. ಡಬ್ಬಿಯ ಊಟ ಮುಗಿಸಿ, ಕೌಂಟರಿನ ಹಿಂದೆ ಕೂತು, ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ರೇಬೀಸ್ ಲೇಖನವನ್ನು ತೆರೆದು ನೋಡುವುದು ಆ ದಿನಗಳಲ್ಲಿ ನನ್ನ ಚಟವಾಗಿತ್ತು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಅದು. ಅಂಥ ಜಾಗದಲ್ಲಿ ಒಂದು ದಿನ ಕಣ್ಣು ತಪ್ಪಿಸಿದರೆ ಯಾರೋ ಬಂದು ಏನೋ ತುರುಕಿ ಹೋಗಿರುತ್ತಾರೆ.

ಆ ದಿನವೂ ತುರುಕಿದ್ದರು. 'ಚಿಕಿತ್ಸೆ' ಎಂಬ ಭಾಗದ ಕೊನೆಯಲ್ಲಿ ಮೂರು ಹೊಸ ಸಾಲುಗಳಿದ್ದವು. ಮೊದಲನೆಯದು ಹೀಗಿತ್ತು: 'ಜೇಜುರಿಗೆ ಹೋದವರಿಗೆ ನಾಯಿ ಕಡದರ ದೇವರ ನಾಯಿ ಅಂತ ಗಾಯಕ್ಕ ಭಂಡಾರ ಹಚ್ಚತಾರ.' ಭಂಡಾರವೆಂದರೆ ಜೇಜುರಿಯ ಖಂಡೋಬನಿಗೆ ಎರಚುವ ಅರಿಶಿನದ ಪುಡಿ. ನಮ್ಮ ಕಡೆ ಅವನೇ ಮೈಲಾರಲಿಂಗ. ನಾಯಿ ಅವನ ಜೊತೆಗಾರ. ಮುಂದಿನ ಎರಡು ಸಾಲುಗಳಲ್ಲಿ 'ಬರ್ರಿ', 'ಕುಂದರಬ್ಯಾಡ್ರಿ' ಎಂದೆಲ್ಲ ಇತ್ತು. ಅವನ್ನು ಓದಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ಮುಂದೆ ಹರಿದಿತ್ತು, ಬುದ್ಧಿ ಮಾತ್ರ ಭಂಡಾರದ ಹತ್ತಿರವೇ ನಿಂತಿತ್ತು. ಬರೆದವರು ಇಟ್ಟುಕೊಂಡ ಹೆಸರು 'ಏಳುಕೋಟಿ', ಮೈಲಾರನ ಭಕ್ತರು ಹಾಕುವ ಘೋಷ. ಸರಿ, ಗೊತ್ತಾಯಿತು ಬಿಡು ಅಂದುಕೊಂಡೆ. 'ಮೂಲವಿಲ್ಲ' ಎಂದು ಕಾರಣ ಬರೆದು, ಮೂರೂ ಸಾಲುಗಳನ್ನು ರದ್ದು ಮಾಡಿ, ಒಂದು ಲೋಟ ನೀರು ಕುಡಿದೆ.

ನನ್ನ ಕಸುಬೇ ಸಂಶಯದ್ದು. ಚೀಟಿಯಲ್ಲಿ ಬರೆದಿರುವುದು ಅರ್ಧ ಗುಳಿಗೆಯೋ ಒಂದೋ, ಸಹಿ ಆ ಡಾಕ್ಟರದೇ ಹೌದೋ, ಎದುರಿಗೆ ನಿಂತವನು ನಿದ್ದೆಯ ಮಾತ್ರೆಯನ್ನು ನಿಜಕ್ಕೂ ತಾಯಿಗೇ ಒಯ್ಯುತ್ತಿದ್ದಾನೋ ಎಂದು ಎರಡೆರಡು ಸಲ ನೋಡದೆ ನಾನು ಏನನ್ನೂ ಕೊಟ್ಟವಳಲ್ಲ. "ನೀ ಹಾಲಿನವಗೂ ಎಕ್ಸ್‌ಪೈರಿ ಡೇಟ್ ಕೇಳಾಕಿ" ಎಂದು ನನ್ನ ಗಂಡ ಕಾಡಿಸುತ್ತಾರೆ. ಕಾಡಿಸಲಿ. ಆ ಗುಣದಿಂದಲೇ ನನ್ನನ್ನು ಈ ಲೇಖನ ಬರೆಯುವ ಕೆಲಸಕ್ಕೆ ಸೇರಿಸಿಕೊಂಡಿದ್ದು.

ಸೇರಿಸಿಕೊಂಡವರು ಮೈಸೂರಿನ ಒಬ್ಬ ನಿವೃತ್ತ ವೈದ್ಯರು. ಮುಖ ನೋಡಿಲ್ಲ, ಲೇಖನದ ಚರ್ಚಾ ಪುಟದಲ್ಲಿ ಪರಿಚಯ, ಆಮೇಲೆ ಫೋನು. ಹಳೆಯ ರೇಬೀಸ್ ಲೇಖನವನ್ನು ಯಂತ್ರವೊಂದು ಅನುವಾದ ಮಾಡಿತ್ತು; ಕೊನೆಗೆ ಯಾವುದೋ ಸೊಪ್ಪಿನ ರಸದ ಗುಣಗಾನ ಮತ್ತು ಅದನ್ನು ಕೊಡುವವನ ಫೋನ್ ನಂಬರು. ಅದನ್ನು ಕಿತ್ತುಹಾಕಿ ನಾವಿಬ್ಬರೂ ಮೊದಲಿನಿಂದ ಬರೆದೆವು. ನಾನು ಒಂದು ವಾಕ್ಯ ಬರೆದು ಅದರ ಪಕ್ಕದಲ್ಲಿ ಮೂಲ ಕೊಡಬೇಕು. ಅವರು ಮೂಲವನ್ನು ತೆರೆದು, ನಾನು ಹೇಳಿದ್ದೇ ಅಲ್ಲಿ ಇದೆಯೇ ನೋಡಿ, ಚರ್ಚಾ ಪುಟದಲ್ಲಿ 'ಸರಿ' ಎಂದು ಹಾಕಬೇಕು. ಪತ್ರಿಕೆಯ ಸುದ್ದಿ ಮೂಲವಲ್ಲ. ಆಸ್ಪತ್ರೆಗಳ ಜಾಹೀರಾತು ಮೂಲವಲ್ಲ. ನಾನು ಕಂಡೆ, ಅವರು ಹೇಳಿದರು ಎಂಬುದಂತೂ ಅಲ್ಲವೇ ಅಲ್ಲ. ಸರ್ಕಾರದ ಚಿಕಿತ್ಸಾ ಮಾರ್ಗಸೂಚಿ, ಪಠ್ಯಪುಸ್ತಕ, ತಜ್ಞರು ಹಲವು ಅಧ್ಯಯನಗಳನ್ನು ಸೋಸಿ ಬರೆದ ಸಮೀಕ್ಷೆ, ಇಷ್ಟೇ. ಇನ್ನೊಂದು ನಿಯಮ, ಓದುಗರಿಗೆ ಸಲಹೆ ಕೊಡಬಾರದು. 'ಗಾಯವನ್ನು ತೊಳೆಯಿರಿ' ಎನ್ನುವಂತಿಲ್ಲ, 'ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯಲಾಗುತ್ತದೆ' ಎನ್ನಬೇಕು.

ಆರು ವಾರ ಹಿಡಿಯಿತು. ಮುಗಿದಾಗ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅದರಲ್ಲೂ ಒಂದು ಸಾಲು ನನಗೆ ಬಹಳ ಹಿಡಿಸಿತ್ತು: 'ಕಚ್ಚಿದ ಇಪ್ಪತ್ನಾಲ್ಕು ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ನೀಡಲಾಗುತ್ತದೆ.' ಚಿಕ್ಕದು, ಸ್ಪಷ್ಟ. ಪಕ್ಕದಲ್ಲಿ ಮಾರ್ಗಸೂಚಿಯ ಉಲ್ಲೇಖ.

ಏಳುಕೋಟಿ ಗುರುವಾರ ಮತ್ತೆ ಬಂದರು. ಅವೇ ಮೂರು ಸಾಲು. ಅಳಿಸಿದೆ. ಶನಿವಾರ ಮತ್ತೆ. ಈ ಸಲ ಅಳಿಸಿದ ಮೇಲೆ, ಅವರು ಹಿಂದೆ ಮಾಡಿದ ತಿದ್ದುಪಡಿಗಳನ್ನೆಲ್ಲ ಜಾಲಾಡಿದೆ. ಮೈಲಾರದ ಪುಟದಲ್ಲಿ ಎರಡು, ಜೇಜುರಿಯ ಪುಟದಲ್ಲಿ ನಾಲ್ಕು. ಮೆಟ್ಟಿಲುಗಳ ಬಗ್ಗೆ, ದೀಪಮಾಲೆಗಳ ಬಗ್ಗೆ. ತಮ್ಮ ಪರಿಚಯದ ಪುಟದಲ್ಲಿ ಬರೆದುಕೊಂಡಿದ್ದು ಒಂದೇ ಮಾತು: 'ಇರೋದು ಪುಣೆ'. ಭಂಡಾರದ ಪೊಟ್ಟಣ ಮಾರುವವರೇ ಇರಬೇಕು, ಇಲ್ಲವಾದರೆ ಅರಿಶಿನದ ಮುಲಾಮಿನ ಕಂಪನಿಯವರು ಎಂದು ನನ್ನೊಳಗೆ ತೀರ್ಮಾನವಾಗಿ ಹೋಯಿತು.

ವೈದ್ಯರಿಗೆ ಫೋನ್ ಮಾಡಿ, ಇವರನ್ನು ತಡೆಹಿಡಿಯಿರಿ ಎಂದು ವಿಶ್ವಕೋಶದ ನಿರ್ವಾಹಕರಿಗೆ ಅರ್ಜಿ ಹಾಕುತ್ತೇನೆ ಎಂದೆ.

"ಅರ್ಜಿ ಹಾಕೋದು ಇದ್ದೇ ಇದೆ ಮೇಡಂ. ಒಂದ್ಸಲ ಮಾತಾಡಿಸಿ ನೋಡಿ. ಕೇಳಿದ್ರೆ ಏನು ಗಂಟು ಹೋಗುತ್ತೆ?" ಎಂದರು.

ಏಳುಕೋಟಿಯ ಚರ್ಚಾ ಪುಟಕ್ಕೆ ಹೋಗಿ ಬಿಗಿಯಾಗಿ ನಾಲ್ಕು ಸಾಲು ಬರೆದೆ. ವೈದ್ಯಕೀಯ ಲೇಖನದಲ್ಲಿ ಮೂಲವಿಲ್ಲದೆ ಏನನ್ನೂ ಸೇರಿಸುವಂತಿಲ್ಲ, ನಂಬಿಕೆಗಳ ಪ್ರಚಾರಕ್ಕೆ ಇದು ಜಾಗವಲ್ಲ, ಮುಂದುವರಿಸಿದರೆ ಕ್ರಮ ಜರುಗುತ್ತದೆ. ಮರುದಿನ ಉತ್ತರ ಬಂದಿತ್ತು.

'ನೀವು ಯಾವ ಕಂಪನಿಯವರು?'

ಮೈ ಉರಿದುಹೋಯಿತು. ಅರ್ಜಿಯ ಕರಡು ಬರೆಯಲು ಅಂದೇ ಶುರು ಮಾಡಿದೆ. ಯಾವ ದಿನ ಏನು ಸೇರಿಸಿದರು, ನಾನು ಯಾವಾಗ ಅಳಿಸಿದೆ, ಎಲ್ಲವನ್ನೂ ಒಂದೊಂದಾಗಿ ಪೋಣಿಸಿದೆ. ಬುಧವಾರ ಮಧ್ಯಾಹ್ನ ಅದಕ್ಕೆ ಕೊನೆಯ ಸಾಲು ಸೇರಿಸುತ್ತಿದ್ದಾಗ ಯಾರೋ ಶಟರಿನ ಕೆಳಗೆ ಬಗ್ಗಿ ನೋಡಿದರು.

ಮೂವತ್ತರ ಆಸುಪಾಸಿನ ಹೆಂಗಸು, ಸೀರೆಯ ಅಂಚಿಗೆ ಸಿಮೆಂಟು. ಮರಾಠಿಯಲ್ಲಿ ಗಾಯದ ಮುಲಾಮು ಕೇಳಿದಳು. ಆ ಮರಾಠಿಯ ಹಿಂದೆ ನಮ್ಮ ಕಡೆಯ ರಾಗ ಕೇಳಿಸಿತು.

"ಯಾವೂರವ್ವ?" ಎಂದೆ.

ಅವಳ ಮುಖ ಅರಳಿತು. "ಯಾದಗೀರ ಕಡೀದ್ರಿ ಅಕ್ಕಾರ. ಇಲ್ಲೇ ಕಾತ್ರಜ ಸೈಟಿನ್ಯಾಗ ಇದ್ದೇವ್ರಿ. ನಮ್ಮ ಮನ್ಯಾರು ಗೌಂಡಿ ಕೆಲಸ ಮಾಡ್ತಾರ."

"ಗಾಯ ಯಾರಿಗೆ?"

"ಅವರಿಗೇರಿ. ಮೀನಖಂಡಕ್ಕ. ಜೇಜುರಿಗೆ ಹೋಗಿದ್ವಿ, ಅಲ್ಲಿ ನಾಯಿಗೆ ರೊಟ್ಟಿ ಹಾಕಲಿಕ್ಕ ಹೋದಾಗ ಹಿಡೀತ್ರಿ. ದೇವರ ನಾಯಿ ಅದ, ಏನಾಗಂಗಿಲ್ಲ ಅಂತಾರ. ಭಂಡಾರ ಹಚ್ಚೇವ್ರಿ. ಆದ್ರ ಒಣಗವಲ್ದು."

ಅವಳ ಬೆರಳ ಸಂದಿಯಲ್ಲಿ ಹಳದಿ ಇನ್ನೂ ಇತ್ತು.

"ಎಂದ ಕಡದದ್ದು?"

"ಐದ ದಿನಾ ಆತ್ರಿ."

"ಐದ ದಿನ! ಇಂಜೆಕ್ಷನ್ ಮಾಡ್ಸೀರಿಲ್ಲೋ?"

"ಇಲ್ರಿ. ನನಗ ಅಂಜಿಕಿ ಬಂದು ಮೂರನೇ ದಿನಾ ಫೋನಿನ್ಯಾಗ ನೋಡಿದೆ. ನಾ ಏಳನೇತ್ತ ತನಕ ಸಾಲಿ ಕಲತೀನ್ರಿ, ಕನ್ನಡ ಓದಲಿಕ್ಕ ಬರ್ತದ. ನೋಡ್ರಿ ಇಲ್ಲಿ, ಒಂದ ದಿನದಾಗ ಮಾಡಿಸ್ಬೇಕಂತ ಬರದದ. ನಮ್ದು ವ್ಯಾಳೇ ದಾಟೇ ಹೋಗಿತ್ತಲ್ರಿ. ಇನ್ನ ಹೋಗಿ ಏನ ಉಪಯೋಗ ಅಂತ ಸುಮ್ಮನಾದೆ. ಅವರಿಗೂ ಹೇಳಿಲ್ಲ."

ಫೋನನ್ನು ಕೌಂಟರಿನ ಮೇಲಿಟ್ಟಳು. ಒಡೆದ ಗಾಜಿನ ಕೆಳಗೆ ನನ್ನ ಸಾಲು. ಕಚ್ಚಿದ ಇಪ್ಪತ್ನಾಲ್ಕು ಗಂಟೆಯೊಳಗೆ.

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಉಲ್ಲೇಖವನ್ನು ಒತ್ತಿ ಮಾರ್ಗಸೂಚಿಯನ್ನು ತೆರೆದೆ. ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. 'ಸಾಧ್ಯವಾದಷ್ಟು ಬೇಗ' ಎಂದಿತ್ತು. ತಡವಾಗಿ, ತಿಂಗಳು ಕಳೆದು ಬಂದವರಿಗೂ ಈಗಷ್ಟೇ ಕಚ್ಚಿದವರಂತೆಯೇ ಲಸಿಕೆ ಕೊಡಬೇಕು ಎಂದಿತ್ತು. ಇಪ್ಪತ್ನಾಲ್ಕು ಗಂಟೆ ಎಲ್ಲಿಯೂ ಇರಲಿಲ್ಲ.

ಅದು ನನ್ನ ಬಾಯಿಯಿಂದ ಬಂದದ್ದು. ನಾಯಿ ಕಚ್ಚಿತು, ಏನಾದರೂ ಹಚ್ಚಲು ಕೊಡಿ ಎಂದು ಬಂದವರಿಗೆಲ್ಲ ವರ್ಷಾನುಗಟ್ಟಲೆ ಇದೇ ಕೌಂಟರಿನಲ್ಲಿ "ಇಪ್ಪತ್ನಾಲ್ಕ ತಾಸಿನ್ಯಾಗ ಹೋಗ್ರಿ" ಎಂದು ಗದರಿಸಿ ಓಡಿಸುತ್ತಿದ್ದೆ. ಅವಸರ ಮಾಡಲಿ ಎಂದು. ಎದುರಿಗಿದ್ದವರಿಗೆ ಅದು ಕೆಲಸ ಮಾಡುತ್ತಿತ್ತು. ಹೇಳಿ ಹೇಳಿ ನನಗೇ ಅದು ನಿಜವಾಗಿ, ಬರೆಯುವಾಗ ತಾನಾಗಿ ಕೈಗೆ ಬಂದು, ಅದರ ಪಕ್ಕದಲ್ಲಿ ಸರ್ಕಾರದ ಮಾರ್ಗಸೂಚಿ ಬೇರೆ ಅಂಟಿಕೊಂಡಿತ್ತು. ಊರಿನವರನ್ನೆಲ್ಲ ಸಂಶಯದಿಂದ ನೋಡುವವಳು ನನ್ನ ಸಾಲನ್ನು ಮಾತ್ರ ನೋಡಿರಲಿಲ್ಲ.

ಶಟರನ್ನು ಪೂರ್ತಿ ಇಳಿಸಿ ಅವಳ ಜೊತೆ ರಿಕ್ಷಾ ಹತ್ತಿದೆ.

ಸೈಟಿನಲ್ಲಿ ಗೌಂಡಿ ಒಪ್ಪಲಿಲ್ಲ. ಗಟ್ಟಿ ಆಳು, ಜ್ವರವಿಲ್ಲ, ನೋವಿಲ್ಲ. "ದೇವರ ನಾಯಿರೀ ಅದು. ಮಾಡ್ಲಿಕ್ಕತ್ತ ಕೆಲಸ ಬಿಟ್ಟು ಎಲ್ಲಿ ಬರ್ಲಿ?" ಎಂದು ಕರಣೆ ಹಿಡಿದೇ ನಿಂತ.

"ನಾಯಿ ದೇವರದ ಇರ್ಲಿ, ಜೊಲ್ಲು ಮಾತ್ರ ನಾಯೀದಪ್ಪ. ಈ ರೋಗ ಒಮ್ಮೆ ತಲೀಗೆ ಏರಿದ್ರ ಯಾವ ಡಾಕ್ಟರ್ ಕಡಿಂದನೂ ಇಳಸಲಿಕ್ಕ ಆಗೂದಿಲ್ಲ. ಏರೂದಕ್ಕಿಂತ ಮೊದಲ ಇಂಜೆಕ್ಷನ್ ಮಾಡಿಸ್ಬೇಕು," ಎಂದೆ. ಅವನ ಹೆಂಡತಿ ಅವನ ಕೈಯಿಂದ ಕರಣೆ ಇಸಿದುಕೊಂಡು ಬುಟ್ಟಿಗೆ ಹಾಕಿದಳು. ಆಮೇಲೆ ಬಂದ.

ಸರ್ಕಾರಿ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ಒಂದು ನಲ್ಲಿ, ಒಂದು ಸ್ಟೂಲು, ಗೋಡೆ ಗಡಿಯಾರ. ಅಲ್ಲಿನ ಸಿಸ್ಟರ್ ನನ್ನ ವಾರಿಗೆಯವರು. ನಮ್ಮ ಮಾತು ಕೇಳಿ, ಗಾಯದ ಮೇಲಿನ ಹಳದಿ ನೋಡಿದ್ದೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು.

"ಜೇಜುರಿ ಏನಪಾ? ಕೂಡು ಇಲ್ಲಿ. ಕಾಲು ನಲ್ಲಿ ಕೆಳಗ ಹಿಡಿ. ಎಷ್ಟ ದಿನ ಆತು?"

"ಐದ್ರಿ."

"ಐದ ದಿನ ಯಾಕ ಕುಂತ್ರಿ?"

ಹೆಂಗಸು ಫೋನು ತೋರಿಸಿದಳು. ಸಿಸ್ಟರ್ ಅತ್ತ ನೋಡಿದವರೇ ಸೋಪನ್ನು ಕುಕ್ಕಿ ಇಟ್ಟರು. "ಮತ್ತ ಅದೇ! ಈ ತಿಂಗಳದಾಗ ನೀವು ಮೂರನೇದವರು. ಬಿಡ್ರಿ, ಅದನ್ನ ಬರಿಯೋರು ಯಾವುದೋ ಪ್ರೈವೇಟ್ ದವಾಖಾನಿ ದಲಾಲ್ರು. ಹೆದರ್ಸಿ ಓಡಸೂದಷ್ಟೇ ಅವರ ಕೆಲಸ."

ನಾನು ಗೋಡೆಯ ಕಡೆ ತಿರುಗಿದೆ. ಗಡಿಯಾರದ ಕೆಳಗೆ ನೀಲಿ ಪೆನ್ನಿನಲ್ಲಿ ದಪ್ಪಗೆ ಬರೆದ ಕನ್ನಡದ ಕಾಗದವೊಂದು ಅಂಟಿತ್ತು. 'ಜೇಜುರಿಗೆ ಹೋದವರಿಗೆ ನಾಯಿ ಕಡದರ ದೇವರ ನಾಯಿ ಅಂತ ಗಾಯಕ್ಕ ಭಂಡಾರ ಹಚ್ಚತಾರ. ಭಂಡಾರ ಪೂರಾ ತೊಳದು ದವಾಖಾನಿಗೆ ಬರ್ರಿ. ಎಷ್ಟ ದಿನ ಕಳದಿದ್ರೂ ಬರ್ರಿ, ತಡಾ ಆತು ಅಂತ ಮನ್ಯಾಗ ಕುಂದರಬ್ಯಾಡ್ರಿ.'

ಮೂರು ಸಲ ಅಳಿಸಿದ ಸಾಲುಗಳನ್ನು ಆಗ ಮೊದಲ ಸಲ ಪೂರ್ತಿ ಓದಿದೆ.

ಆ ಹೊತ್ತಿನಲ್ಲೂ ನನ್ನ ಬುದ್ಧಿ ತನ್ನ ಚಾಳಿ ಬಿಡಲಿಲ್ಲ. ಇವರು ವಿಶ್ವಕೋಶದಿಂದ ನೋಡಿ ಬರೆದುಕೊಂಡಿರಬಹುದೇ, ಏಳುಕೋಟಿ ಬೇರೆ ಯಾರೋ ಇರಬಹುದೇ ಎಂದು ಹುಡುಕಿತು. ಕಾಗದದ ಅಂಚು ಕಂದಿ ಮಡಚಿಕೊಂಡಿತ್ತು. ನಮ್ಮ ಲೇಖನಕ್ಕಿಂತ ಹಳೆಯದು. ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ಗೌಂಡಿಗೆ ಇಂಜೆಕ್ಷನ್ ಹೇಗೂ ಸಿಗುತ್ತಿತ್ತು, ಮನೆಗೆ ಹೋಗಿ ಸಾಲನ್ನು ಸದ್ದಿಲ್ಲದೆ ತಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಲ್ಲಿಯ ನೀರು ಹಳದಿಯಾಗಿ ಹರಿಯುತ್ತಿತ್ತು. ಸಿಸ್ಟರ್ ಬಗ್ಗಿ ಗಾಯವನ್ನು ತಿಕ್ಕುತ್ತಿದ್ದರು, ಹೆಂಗಸು ಗಂಡನ ಹೆಗಲು ಹಿಡಿದು ನಿಂತಿದ್ದಳು.

"ಸಿಸ್ಟರ್, ಏಳುಕೋಟಿ ನೀವೇ ಏನ್ರಿ?"

ತಲೆ ಎತ್ತಿದರು. "ನೀವ್ಯಾರು? ಇವರಿಗೆ ಏನಾಗಬೇಕು?"

"ಅಳಸಾಕಿ ನಾನೇರಿ. ಇಪ್ಪತ್ನಾಲ್ಕು ಗಂಟೆ ಅಂತ ಬರದಾಕಿನೂ ನಾನೇ. ಬಿಬವೇವಾಡ್ಯಾಗ ನಂದು ಮೆಡಿಕಲ್ ಶಾಪ್ ಅದ. ಯಾವ ಕಂಪನಿನೂ ಇಲ್ಲ. ಆ ಮಾತು ತಪ್ಪದ, ನಾ ಸರಿಯಾಗಿ ನೋಡದ ಬರದೀನಿ."

ಹೆಂಗಸು ನನ್ನ ಕಡೆ ತಿರುಗಿದಳು. "ನೀವು ಬರದದ್ದೇನ್ರಿ ಅದು?" ಎಂದಳು. ಹೌದು ಎಂದೆ. ಗಂಡನ ಹೆಗಲ ಮೇಲಿನ ಅವಳ ಕೈ ಬಿಗಿಯಾಯಿತು.

ಸಿಸ್ಟರ್ ಕೈ ನಿಲ್ಲಿಸಲಿಲ್ಲ. "ಗಡಿಯಾರ ನೋಡ್ರಿ. ಎಷ್ಟ ಮಿನಿಟ್ ಆತು?"

"ಒಂಬತ್ತು."

"ಇನ್ನ ಆರು. ಅಲ್ಲೀತನಕ ನೀವು ಸೋಪ್ ಹಿಡೀರಿ," ಎಂದರು.

ಹದಿನೈದು ನಿಮಿಷವಾದ ಮೇಲೆ ಡಾಕ್ಟರರು ನೋಡಿ, ಗಾಯದ ಸುತ್ತಲೂ ಪ್ರತಿಕಾಯದ ಮದ್ದು ಚುಚ್ಚಿದರು, ತೋಳಿಗೆ ಲಸಿಕೆ. ಗೌಂಡಿ ಹಲ್ಲು ಕಚ್ಚಿಕೊಂಡ. ಮುಂದಿನ ಡೋಸುಗಳು ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಚೀಟಿ ಬರೆದುಕೊಟ್ಟರು.

ಅಂದೇ ಸಂಜೆ ಸಾಲನ್ನು ತಿದ್ದಿದೆ. ಲೇಖನದ ಚರ್ಚಾ ಪುಟದಲ್ಲಿ ಹೀಗೆ ಬರೆದೆ: 'ಇಪ್ಪತ್ನಾಲ್ಕು ಗಂಟೆ ಎಂಬುದು ಮೂಲದಲ್ಲಿ ಇಲ್ಲ. ಅದನ್ನು ಸೇರಿಸಿದವಳು ನಾನು. ಏಳುಕೋಟಿಯವರು ಅದನ್ನು ಸರಿಪಡಿಸುವ ಮಾತನ್ನು ಮೂರು ಸಲ ಬರೆದರು, ಮೂರು ಸಲವೂ ಅಳಿಸಿದವಳು ನಾನು.' ಅರ್ಜಿಯ ಕರಡನ್ನು ಹರಿದು ಹಾಕಲು ಅದು ಕಾಗದವಾಗಿರಲಿಲ್ಲ. ಒಂದು ಗುಂಡಿ ಒತ್ತಿದೆ, ಹೋಯಿತು. ಮೈಸೂರಿನಿಂದ ವೈದ್ಯರು ಫೋನ್ ಮಾಡಿದರು.

"ಆ ಸಾಲಿಗೆ ನಾನೂ ಸರಿ ಅಂತ ಹಾಕಿದೀನಲ್ಲ ಮೇಡಂ. ನೀವು ಬರೆದಿದ್ದು ಅಂದ್ಮೇಲೆ ಮೂಲ ತೆಗೆದು ನೋಡ್ಲೇ ಇಲ್ಲ," ಎಂದರು.

ಭಾನುವಾರ ಸಿಸ್ಟರ್ ನನ್ನನ್ನು ಆಸ್ಪತ್ರೆಯ ಎದುರಿನ ಹೋಟೆಲಿಗೆ ಬರಹೇಳಿದರು. ಕುಂದಾಪುರ ಕಡೆಯವರ ಹೋಟೆಲು, ಕಾಫಿ ಚೆನ್ನಾಗಿರುತ್ತದೆ. ಅವರಿಗೆ ನನ್ನ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ನಾನು ಟೈಪ್ ಮಾಡಿದ್ದನ್ನೆಲ್ಲ ಗಟ್ಟಿಯಾಗಿ ಓದಿಸಿದರು, 'ಪ್ರಕಟಿಸು' ಒತ್ತುವ ಮೊದಲು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ತಡವಾಗಿ ಬಂದವರಿಗೂ ಲಸಿಕೆ ನೀಡಲಾಗುತ್ತದೆ ಎಂಬುದಕ್ಕೆ ಮೂಲವಿತ್ತು, ಹಾಕಿದೆವು. ತೊಡಕಾಗಿದ್ದು ಭಂಡಾರ. ಮಾರ್ಗಸೂಚಿಯಲ್ಲಿ ಗಾಯಕ್ಕೆ ಮಣ್ಣು, ಖಾರದ ಪುಡಿ, ಎಣ್ಣೆ, ಸುಣ್ಣ, ಸೊಪ್ಪು ಹಚ್ಚಬಾರದು ಎಂದಿತ್ತು. ಭಂಡಾರದ ಹೆಸರಿಲ್ಲ.

"ಮೂಲ ಇಲ್ಲದ ಬರಿಯಾಕ ಬರಂಗಿಲ್ರಿ," ಎಂದೆ, ಮೆಲ್ಲಗೆ.

"ವಾರದಾಗ ಎರಡ ಸಲ ನನ್ನ ಕೈಲೆ ತೊಳೀತೀನಿ. ನಾನ ಮೂಲ ಅಲ್ಲೇನ್ರಿ?"

ನಿಯಮದ ಪ್ರಕಾರ ಅಲ್ಲ. ಆ ನಿಯಮವನ್ನು ಮುರಿಯಲು ನನಗೆ ಮನಸ್ಸಿರಲಿಲ್ಲ. ಇವತ್ತು ಭಂಡಾರಕ್ಕೆ ಬಾಗಿಲು ತೆರೆದರೆ ನಾಳೆ ಸೊಪ್ಪಿನ ರಸದವನೂ ನಾನು ಕಂಡಿದ್ದೇನೆ ಎಂದು ಬರುತ್ತಾನೆ. ಎರಡನೆಯ ಕಾಫಿ ಆರುವವರೆಗೆ ಯೋಚಿಸಿದೆ. ಆಗ ಹೊಳೆಯಿತು. ವಾಕ್ಯಕ್ಕೆ ಮೂಲ ಬೇಕು, ಆದರೆ ಚಿತ್ರವನ್ನು ಸಂಪಾದಕರು ತಾವೇ ತೆಗೆದು ಹಾಕಬಹುದು. ಚಿತ್ರದಲ್ಲಿ ಕಾಣುವುದನ್ನು ಅದರ ಕೆಳಗೆ ಇದ್ದಂತೆ ಬರೆಯಬಹುದು.

ಅಮಾವಾಸ್ಯೆಯ ಮರುದಿನ ಜೇಜುರಿಯಿಂದ ಬಂದ ಒಬ್ಬ ಮುದುಕಿಯ ಮುಂಗೈ ಗಾಯ. ಅವಳನ್ನೂ ಆಸ್ಪತ್ರೆಯ ಮೇಲಧಿಕಾರಿಗಳನ್ನೂ ಕೇಳಿ, ಮುಖ ಬಾರದಂತೆ ನಾನೇ ಫೋಟೊ ತೆಗೆದೆ. ನಲ್ಲಿ, ಸೋಪು, ಸಿಸ್ಟರರ ಎರಡು ಕೈ, ಕೆಳಗೆ ಹಳದಿ ನೀರು. ಚಿತ್ರದ ಕೆಳಗಿನ ಬರಹ: 'ಭಂಡಾರ ಹಚ್ಚಿದ ನಾಯಿ ಕಡಿತದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯುತ್ತಿರುವುದು.' ಅದು ಈಗ ಲೇಖನದ ನೆತ್ತಿಯ ಮೇಲೇ ಇದೆ. ವೈದ್ಯರು ಈ ಸಲ ಎಲ್ಲ ಮೂಲಗಳನ್ನೂ ಮತ್ತೆ ತೆರೆದು ನೋಡಿ, ಎರಡು ದಿನ ತಗೊಂಡು, 'ಸರಿ' ಹಾಕಿದರು.

ಗೌಂಡಿ ಮೂರನೆಯ ದಿನ ಬಂದ, ಏಳನೆಯ ದಿನ ಬಂದ. ಆಮೇಲೆ ಆಳುಗಳ ಮೇಸ್ತ್ರಿ ಮುಕಾದಮ್ ಗಂಡಹೆಂಡಿರಿಬ್ಬರನ್ನೂ ಸಾಸವಡದ ಸೈಟಿಗೆ ಕಳಿಸಿದ. ನನಗೆ ಹಳೆಯ ಸಂಶಯ ಹೊಕ್ಕಿತು. ಗಾಯ ಒಣಗಿದೆ, ದೂರ ಹೋಗಿದ್ದಾರೆ, ಇವರೆಲ್ಲಿ ಬರುತ್ತಾರೆ? ಹೆಂಗಸು ತನ್ನ ನಂಬರನ್ನು ಸಿಸ್ಟರಿಗೆ ಕೊಟ್ಟಿದ್ದಳು, ನನಗೆ ಕೊಟ್ಟಿರಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆಯೇ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಸಿಸ್ಟರ್ ಒಂದೆರಡು ಸಲ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದರು.

ಹನ್ನೊಂದೂವರೆಗೆ ಇಬ್ಬರೂ ಬಂದರು. ಮೊದಲ ಬಸ್ಸು ತುಂಬಿತ್ತಂತೆ. ಗೌಂಡಿ ತೋಳು ಮಡಚುತ್ತ ಒಳಗೆ ಹೋದ. ಹೆಂಗಸು ನನ್ನ ಪಕ್ಕದಲ್ಲಿ, ನಡುವೆ ಸ್ವಲ್ಪ ಜಾಗ ಬಿಟ್ಟು ಕೂತಳು.

"ಮರತಿರ್ತೀರಿ ಅನ್ಕೊಂಡಿದ್ದೆ," ಎಂದೆ.

"ಮರಿಯೋದು ಹ್ಯಾಂಗ್ರಿ ಅಕ್ಕಾರ? ಅದರಾಗ ಬರದದಲ್ರಿ, ಇಪ್ಪತ್ತೆಂಟನೇ ದಿನಾ ಅಂತ. ನಿನ್ನೆ ಮತ್ತ ತಗದು ಓದಿದೆ." ಫೋನನ್ನು ಸೆರಗಿನಿಂದ ಒರೆಸಿದಳು. "ಆದ್ರ ಅದನ್ನ ಬರದಾವ್ರು ನೀವ ನೋಡ್ರಿ. ಅದಕ್ಕ ಸಿಸ್ಟರಿಗೂ ಒಮ್ಮೆ ಫೋನ್ ಮಾಡಿ ಖರೇ ಅದನೋ ಇಲ್ಲೋ ಕೇಳಿದೆ."

"ಭಾಳ ಛಲೋ ಮಾಡಿದಿ ನನ್ನವ್ವ," ಎಂದೆ. ಮನಸಾರೆ ಅಂದೆ.